ಚೀಲ ಕಳೆಯದ ತೂಕ

ಮದುವೆಯಾಗಿ ಮೊದಲ ಸಲ ಹೆಂಡತಿಯ ತವರಿಗೆ ಹೊರಟ ದಿನವೇ ದೋಣಿಯವರು ನನ್ನನ್ನು ಸಾಮಾನಿನ ಟ್ರಿಪ್ಪಿಗೆ ಹಾಕಿದರು. ಅವಳ ತವರು ಇರುವುದು ನರಸಿಂಹರಾಜಪುರದ ಹಿನ್ನೀರಿನ ಆಚೆ ದಡದಲ್ಲಿ. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಮೂರು ಬಸ್ಸು, ಅರ್ಧ ದಿನ. ದೋಣಿಯಲ್ಲಾದರೆ ಮುಕ್ಕಾಲು ಗಂಟೆ. ಆ ದೋಣಿಗೆ ಎರಡು ಥರದ ಟ್ರಿಪ್ಪು ಇತ್ತು. ಮೊದಲು ಜನದ್ದು. ಅದು ಹೋಗಿ ಬಂದ ಮೇಲೆ ಸಾಮಾನಿನದ್ದು, ಅಂದರೆ ಗೊಬ್ಬರದ ಚೀಲ, ಹಿಂಡಿ, ಸೈಕಲ್ಲು, ಒಮ್ಮೊಮ್ಮೆ ಕರು. ದೋಣಿಯವರು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಒರಟಾಗಿ ಏನೂ ಹೇಳಲಿಲ್ಲ.

"ಅಮ್ಮ ಈಗ ಹೋಗ್ಲಿ. ನೀವು ಗೊಬ್ಬರದ ಜೊತೆ ಬನ್ನಿ" ಅಂದರು.

ಹೊಸ ಅಳಿಯ ದಡದಲ್ಲಿ ನಿಂತು ಜಗಳ ಮಾಡುವ ಹಾಗಿಲ್ಲ. ನಾನು ಕಲ್ಲಿನ ಮೇಲೆ ಕೂತೆ. ಹೆಂಡತಿ ದೋಣಿಯಿಂದ ತಿರುಗಿ ನೋಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅಷ್ಟು ದೂರಕ್ಕೆ ತಿಳಿಯಲಿಲ್ಲ. ಆಮೇಲೆ ಕೇಳಿದ್ದಕ್ಕೆ ಎರಡೂ ಅಲ್ಲ, ಕಣ್ಣಿಗೆ ಬಿಸಿಲು ಹೊಡೀತಿತ್ತು ಅಂದಳು.

ಅವಳು ಇಳಿದು ಒಂದೂವರೆ ಗಂಟೆ ಬಿಟ್ಟು ಎಂಟು ಚೀಲ ಯೂರಿಯಾದ ನಡುವೆ ನಾನೂ ಆ ದಡಕ್ಕೆ ತಲುಪಿದೆ. ಅಷ್ಟು ಹೊತ್ತಿಗೆ ಅವಳ ಊಟ ಆಗಿತ್ತು. ಅತ್ತೆ ನನಗೆ ಬೇರೆ ಎಲೆ ಹಾಕಿ, ಬಹಳ ಮರ್ಯಾದೆಯಿಂದ, ತಣ್ಣಗಾದ ಅನ್ನ ಬಡಿಸಿದರು. ತಪ್ಪು ಅವರದ್ದಲ್ಲ. ಅನ್ನ ಯಾರಿಗಾಗಿಯೂ ಬಿಸಿಯಾಗಿ ಕಾಯುವುದಿಲ್ಲ.

ಇದು ಒಂದು ದಿನದ ಮಾತಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಹದಿನಾರು ವರ್ಷ ಹೀಗೇ ನಡೆಯಿತು. ಮೊದಮೊದಲು ಜನ ನಗುತ್ತಿದ್ದರು. ಆಮೇಲೆ ನಗುವುದನ್ನೂ ಬಿಟ್ಟರು, ಅದೇ ನನಗೆ ತಡೆಯಲಾಗದ್ದು. "ಅಳಿಯಂದಿರು ಎಲ್ಲಿ?" ಅಂತ ಯಾರಾದರೂ ಕೇಳಿದರೆ, ಸಾಮಾನಿನ ಟ್ರಿಪ್ಪಲ್ಲಿ ಬರ್ತಾರೆ ಅಂತ ಅತ್ತೆ ಉತ್ತರ ಕೊಡುತ್ತಿದ್ದರಂತೆ, ಬಸ್ಸಿನ ಟೈಮು ಹೇಳಿದ ಹಾಗೆ. ನನಗೆ ಹೊಟ್ಟೆ ಉರಿಯುತ್ತಿತ್ತು. ತೂಕದ ಬಗ್ಗೆ ಅಲ್ಲ. ತೂಕ ನಾನೇ ಉಂಡು ಮಾಡಿಕೊಂಡದ್ದು, ಯಾರೂ ಹೊರಿಸಿದ್ದಲ್ಲ. ಹೆಂಡತಿಯ ಜೊತೆ ಒಂದೇ ಹೊತ್ತಿಗೆ ಆ ದಡ ಹತ್ತಬೇಕು, ಪಕ್ಕದಲ್ಲಿ ಕೂತು ಉಣ್ಣಬೇಕು. ಇಷ್ಟೇ ಆಸೆ. ಇಷ್ಟಕ್ಕೆ ದಾರಿ ಇರಲಿಲ್ಲ.

ನಾನು ಕೊಪ್ಪದಲ್ಲಿ ಟೈಲರು. ಎರಡು ಸಾವಿರದ ನಾಲ್ಕೋ ಐದೋ ಇಸವಿ ಇರಬೇಕು, ಒಬ್ಬರು ಅಂಗಡಿಗೆ ದೊಡ್ಡ ಬಟ್ಟೆಯ ಸುರುಳಿ ಹೊತ್ತು ಬಂದರು. ನೌಕಾಪಡೆಯಲ್ಲಿ ಇದ್ದು ನಿವೃತ್ತಿಯಾಗಿ ನರಸಿಂಹರಾಜಪುರದಲ್ಲಿ ಹಿನ್ನೀರಿನ ಹತ್ತಿರ ಮನೆ ಮಾಡಿಕೊಂಡವರು. ಎಲ್ಲರೂ ಅವರನ್ನು ನೇವಿಯವರು ಅಂತಲೇ ಕರೆಯುತ್ತಿದ್ದರು. ಬಟ್ಟೆ ಒಂದು ಮೊಳ ಹರಿದಿತ್ತು. ಛತ್ರಿ ಬಟ್ಟೆಗಿಂತ ಗಟ್ಟಿ, ಸೂಜಿ ಎರಡು ಮುರಿಯಿತು. ಇದು ಎಂಥದು ಮಾರಾಯ್ರೇ, ಶಾಮಿಯಾನದ್ದಾ ಅಂತ ಕೇಳಿದೆ. ಹಾಯಿ ಅಂದರು. ಒಂದು ಹಲಗೆಯ ಮೇಲೆ ನಿಂತು, ಹಾಯಿಯನ್ನು ಕೈಯಲ್ಲಿ ಹಿಡಿದುಕೊಂಡು, ಗಾಳಿಯ ಬಲದಲ್ಲಿ ನೀರಿನ ಮೇಲೆ ಹೋಗುವ ಆಟವಂತೆ, ವಿಂಡ್‌ಸರ್ಫಿಂಗ್ ಅಂತ ಹೆಸರು. ದಿನಾ ಮಧ್ಯಾಹ್ನ ಹಿನ್ನೀರಲ್ಲಿ ಹೋಗುತ್ತಾರಂತೆ.

ನಾನು ಮಿಷನ್ನು ನಿಲ್ಲಿಸಿದೆ. ಅದರಲ್ಲಿ ಆಚೆ ದಡಕ್ಕೆ ಹೋಗಬಹುದಾ ಅಂತ ಕೇಳಿದೆ. ಗಾಳಿ ಇದ್ದರೆ ದೋಣಿಗಿಂತ ಬೇಗ ಅಂದರು. ಎಷ್ಟು ಜನ ಕೂರಬಹುದು ಅಂದೆ. ಯಾರೂ ಕೂರುವುದಿಲ್ಲ, ಒಬ್ಬ ನಿಲ್ಲುತ್ತಾನೆ ಅಂದರು. ಅದರಲ್ಲಿ ಸಾಮಾನಿನ ಟ್ರಿಪ್ಪು ಅಂತ ಒಂದು ಇಲ್ಲ ಎನ್ನುವುದು ನನಗೆ ಬಹಳ ಹಿಡಿಸಿತು.

ಹೊಲಿಗೆಗೆ ಮಜೂರಿ ಬೇಡ, ಕಲಿಸಿಕೊಡಿ ಅಂದೆ. ನೇವಿಯವರು ನನ್ನನ್ನು ನೋಡಿದರು. ದೋಣಿಯವರು ನೋಡಿದ ಹಾಗೆಯೇ, ಮೇಲಿಂದ ಕೆಳಗೆ. ಆದರೆ ಇವರು ಕೊನೆಗೆ ಹಲಗೆ ನಿಮ್ಮ ಅಳತೆಯದ್ದೇ ಆಗಬೇಕು ಅಂದರು. ಟೈಲರಿಗೆ ಅರ್ಥವಾಗುವ ಮಾತು.

ಕೊಪ್ಪದ ಸೈಬರ್ ಅಂಗಡಿಯಲ್ಲಿ ಇಬ್ಬರೂ ಕೂತು ಹಲಗೆಗಳ ಚಿತ್ರ ನೋಡಿದೆವು. ನನಗೆ ಒಂದು ಕೆಂಪು ಬಣ್ಣದ್ದು ಇಷ್ಟವಾಯಿತು, ಸಣ್ಣಗೆ, ಚೂಪಾಗಿ, ಮೂತಿ ಮೇಲಕ್ಕೆ ಎತ್ತಿಕೊಂಡಿತ್ತು. ನೇವಿಯವರು ಅದು ಅರವತ್ತು ಕೆ.ಜಿ.ಯ ಹುಡುಗ ಸಮುದ್ರದ ಗಾಳಿಯಲ್ಲಿ ಹಾರಿಸುವಂಥದ್ದು, ನೀವು ಹತ್ತಿದರೆ ಮೀನು ನೋಡಿಕೊಂಡು ಬರಬಹುದು ಅಂದರು. ಆಮೇಲೆ ಸಮಾಧಾನದಲ್ಲಿ ವಿವರಿಸಿದರು. ಹಲಗೆಯನ್ನು ಲೀಟರಿನಲ್ಲಿ ಅಳೆಯುತ್ತಾರೆ. ಒಂದು ಲೀಟರು ಸುಮಾರು ಒಂದು ಕೆ.ಜಿ. ಹೊರುತ್ತದೆ. ನನ್ನ ತೂಕ, ಹಲಗೆಯ ಮತ್ತು ಹಾಯಿ ಕಂಬದ ತೂಕ ಎರಡೂ ಕೂಡಿಸಿ, ಅದರ ಮೇಲೆ ಕಲಿಯುವವನಿಗೆ ಇನ್ನಷ್ಟು ಸೇರಿಸಬೇಕು. ಅಗಲ ಒಂದು ಗಜದ ಹತ್ತಿರ ಇದ್ದರೆ ಕಾಲು ಅಲ್ಲಾಡುವುದಿಲ್ಲ. ನಡುವೆ ನೀರಿಗೆ ಇಳಿಯುವ ಒಂದು ಸಣ್ಣ ಹಲಗೆ ಇರಲೇಬೇಕು. ಗಾಳಿ ಕಡಿಮೆ ಇದ್ದಾಗ ಇಳಿಸಿದರೆ ಪಕ್ಕಕ್ಕೆ ಜಾರುವುದಿಲ್ಲ, ಜೋರಿದ್ದಾಗ ಎತ್ತಿಕೊಂಡರೆ ಓಡುತ್ತದೆ. ಮೇಲ್ಮೈ ಮೆತ್ತಗಿರಬೇಕು, ಯಾಕೆಂದರೆ ನೀವು ಬೀಳುವವರು ಅಂದರು. ಭಾರದವರಿಗೆ ಒಂದೇ ಹಲಗೆ ಎಲ್ಲ ಗಾಳಿಗೂ ಆಗಬೇಕೆಂದರೆ ಇಷ್ಟೂ ಬೇಕು, ಚೆಂದ ಆಮೇಲೆ. ನಾನೂ ಗಿರಾಕಿಗಳಿಗೆ ಇದನ್ನೇ ಹೇಳುವುದು. ಅವರು ಹೇಗೆ ಮುಖ ಗಂಟು ಹಾಕುತ್ತಾರೋ ಹಾಗೆ ನಾನೂ ಹಾಕಿದೆ.

"ನಿಮ್ಮ ತೂಕ ಎಷ್ಟು?" ಅಂತ ಕೇಳಿದರು.

ಗೊತ್ತಿರಲಿಲ್ಲ. ನಮ್ಮ ಡಾಕ್ಟರ ಹತ್ತಿರ ಇದ್ದ ಕಾಲಡಿಯ ತೂಕದ ಪೆಟ್ಟಿಗೆಯ ಮುಳ್ಳು ಒಂದು ಸುತ್ತು ಮುಗಿಸಿ ಸೊನ್ನೆ ದಾಟಿ ಇನ್ನೂ ಹೊರಟಿತ್ತು. ಅವರೂ ಕಾಗದದಲ್ಲಿ 'ಸ್ಥೂಲ' ಅಂತ ಬರೆದು ಬಿಟ್ಟಿದ್ದರು. ಅದಕ್ಕೆ ನಮ್ಮ ಅಂಗಡಿಯ ಪಕ್ಕದ ಅಡಿಕೆ ಮಂಡಿಗೆ ಹೋದೆ. ಅಲ್ಲಿ ಚೀಲ ತೂಗುವ ದೊಡ್ಡ ತಕ್ಕಡಿ ಇತ್ತು, ನಿಲ್ಲಲು ಜಾಗವೂ ಇತ್ತು. ಮೂವತ್ತು ವರ್ಷದಿಂದ ಅಲ್ಲಿ ತೂಕ ನೋಡುತ್ತಿದ್ದವನು ನನ್ನ ಸ್ನೇಹಿತನೇ. ಹತ್ತು ಮಾರಾಯ ಅಂದ. ಹತ್ತಿದೆ. ಮುಳ್ಳು ನೂರ ಹತ್ತೊಂಬತ್ತಕ್ಕೆ ನಿಂತಿತು. ನಾನು ಕಣ್ಣಾರೆ ನೋಡಿದೆ. ಅವನು ಚೀಟಿಯಲ್ಲಿ ನೂರ ಹದಿನಾಲ್ಕು ಅಂತ ಬರೆದು ಕೊಟ್ಟ.

ಅದು ಮೋಸವಲ್ಲ. ಮಂಡಿಯಲ್ಲಿ ಅಡಿಕೆ ತೂಗಿದರೆ ಚೀಲಕ್ಕೆ ಒಂದು, ತೇವಕ್ಕೆ ಇಷ್ಟು ಅಂತ ಕಳೆದೇ ಬರೆಯುವುದು ರೂಢಿ. ಅವನ ಕೈ ತಾನಾಗಿ ಕಳೆಯಿತು. ಬೆಳೆಗಾರರೆಲ್ಲ ಆ ಕಡಿತದ ಮೇಲೆ ಅವನ ಜೊತೆ ಜಗಳವಾಡಿದವರೇ. ಖುಷಿಯಿಂದ ಒಪ್ಪಿಕೊಂಡು ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡವನು ಆ ಮಂಡಿಯ ಇತಿಹಾಸದಲ್ಲಿ ನಾನೊಬ್ಬನೇ ಇರಬೇಕು.

ಅವತ್ತು ಸಂಜೆ ನೇವಿಯವರಿಗೆ ಫೋನು ಮಾಡಿದೆ. ನೂರ ಹದಿನಾಲ್ಕು ಅನ್ನುವ ಸಂಖ್ಯೆ ಫೋನಿನಲ್ಲಿ ಹೇಳುವುದಕ್ಕೆ ಸ್ವಲ್ಪ ಉದ್ದ ಅನ್ನಿಸಿತು. ನೂರ ಹತ್ತು ಇರಬಹುದು ಅಂದೆ. ನೇವಿಯವರು ಗೋವಾದಲ್ಲಿ ಹಳೆಯ ಹಲಗೆ ಮಾರುವ ತಮ್ಮ ಪರಿಚಯದವರಿಗೆ ಫೋನು ಮಾಡಿದರು. ಇವರು ಅವರಿಗೆ ಏನು ಹೇಳಿದರು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಹಲಗೆ ಮಂಗಳೂರಿನ ತನಕ ಲಾರಿಯಲ್ಲಿ, ಅಲ್ಲಿಂದ ಶೃಂಗೇರಿಯ ತನಕ ಬಸ್ಸಿನ ಟಾಪಿನಲ್ಲಿ ಬಂತು. ಗೋಣಿತಾಟು ಸುತ್ತಿ ಹಗ್ಗ ಬಿಗಿದಿದ್ದರು. ನಾನು ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಇಳಿಸಿಕೊಳ್ಳುವಾಗ ದರ್ಶನಕ್ಕೆ ಬಂದಿದ್ದ ಒಬ್ಬರು ಅಜ್ಜಿ, ಯಾವ ಗುಡಿಯ ಬಾಗಿಲು ಮಗಾ ಅಂತ ಕೇಳಿ ಕೈ ಮುಗಿದರು. ನಾನು ಅಲ್ಲ ಅನ್ನುವಷ್ಟರಲ್ಲಿ ಇನ್ನಿಬ್ಬರು ಮುಗಿದಿದ್ದರು. ಸುಮ್ಮನೆ ಜೀಪಿಗೆ ಕಟ್ಟಿಕೊಂಡು ಜಯಪುರದ ಮೇಲೆ ಮನೆಗೆ ಬಂದೆ. ಹೆಂಡತಿ ನೋಡಿ ಇದು ಎಂತಕ್ಕೆ ಅಂದಳು. ಮಂಡಿನೋವಿಗೆ ವ್ಯಾಯಾಮ ಅಂದೆ. ತವರಿನ ಮಾತು ಎತ್ತಲಿಲ್ಲ. ಆಗಿಲ್ಲ ಅಂದರೆ ನಾಚಿಕೆ ನನ್ನೊಬ್ಬನಿಗೇ ಇರಲಿ ಅಂತ. ಅವಳು ಹಲಗೆಯನ್ನು ಒಂದು ಸಲ ಬೆರಳಲ್ಲಿ ತಟ್ಟಿ ನೋಡಿ ಒಳಗೆ ಹೋದಳು.

ಮೊದಲ ಪಾಠ ಒಂದು ಭಾನುವಾರ, ನೇವಿಯವರ ಮನೆಯ ಕೆಳಗಿನ ದಡದಲ್ಲಿ. ಅವರು ನನಗೊಂದು ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ಕೊಟ್ಟಿದ್ದರು. ಅದು ಮುಂದೆ ಕೂಡದ್ದಕ್ಕೆ ಹಿಂದಿನ ವಾರವೇ ಅಂಗಡಿಗೆ ತಂದು ಎರಡೂ ಬದಿಗೆ ಪಟ್ಟಿ ಕೊಟ್ಟು ಹಿಗ್ಗಿಸಿದ್ದೆ. ನಾನು ಹಲಗೆ ಹತ್ತಿದೆ. ಮಂಡಿಯೂರಿದೆ. ನಿಂತೆ. ಹಲಗೆ ಮುಳುಗಲಿಲ್ಲ. ತೇಲಲೂ ಇಲ್ಲ. ನನ್ನ ಪಾದದ ಮೇಲೆ ನೀರು ಬಂದು, ಮೀನಖಂಡಕ್ಕೆ ಏರಿ, ಅಲ್ಲಿ ನಿಂತಿತು. ದಡದಿಂದ ನೋಡಿದವರಿಗೆ ನಾನು ಏನೂ ಇಲ್ಲದೆ ನೀರಿನಲ್ಲಿ ನಿಂತಿರುವ ಹಾಗೆ ಕಾಣುತ್ತಿತ್ತಂತೆ. ಆಮೇಲೆ ಹಲಗೆ ಒಂದು ಪಕ್ಕಕ್ಕೆ ವಾಲಿತು, ನಾನು ಇನ್ನೊಂದು ಪಕ್ಕಕ್ಕೆ. ಹೀಗೆ ಹನ್ನೊಂದು ಸಲ. ಹನ್ನೆರಡನೆಯ ಸಲಕ್ಕೆ ನೇವಿಯವರು ಕೈ ಎತ್ತಿ ನಿಲ್ಲಿಸಿದರು.

"ಟೈಲರ್ರೇ, ನಿಜ ಎಷ್ಟು?"

ನಾನು ದಡದ ಕೆಸರಲ್ಲಿ ಕೂತೆ. ಮೂವತ್ತು ವರ್ಷ ನಾನು ಜನರ ಸೊಂಟಕ್ಕೆ ಟೇಪು ಹಿಡಿದಿದ್ದೇನೆ. ಟೇಪು ಹತ್ತಿರ ಬರುತ್ತಿದ್ದ ಹಾಗೆ ಎಲ್ಲರೂ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ನಾನು ಏನೂ ಹೇಳದೆ ಎರಡು ಇಂಚು ಸೇರಿಸಿ ಬರೆದುಕೊಳ್ಳುತ್ತೇನೆ. ಒಳಗೊಳಗೆ ನಗುತ್ತಲೂ ಇದ್ದೆ. ಈಗ ನಾನೇ ಹೊಟ್ಟೆ ಎಳೆದುಕೊಂಡ ಗಿರಾಕಿ. ಬಹಳ ನಾಚಿಕೆಯಾಯಿತು. ಮುಳ್ಳು ನೂರ ಹತ್ತೊಂಬತ್ತು ತೋರಿಸಿತ್ತು, ಚೀಟಿಯಲ್ಲಿ ನೂರ ಹದಿನಾಲ್ಕು ಇತ್ತು, ನಾನು ನೂರ ಹತ್ತು ಹೇಳಿದೆ ಅಂತ ಎಲ್ಲವನ್ನೂ ಒಪ್ಪಿಕೊಂಡೆ.

ನೇವಿಯವರೂ ಬಂದು ಪಕ್ಕದಲ್ಲಿ ಕೆಸರಲ್ಲೇ ಕೂತರು. ಆಮೇಲೆ, ಒಂದು ಮಾತು ಹೇಳಬೇಕು ಅಂದರು. ಗೋವಾದವರಿಗೆ ಅವರು ನೂರು ಅಂತ ಹೇಳಿದ್ದರಂತೆ. ನಿಮ್ಮನ್ನು ಕಾಣದವರ ಹತ್ತಿರ ನೂರ ಹತ್ತು ಅನ್ನುವುದಕ್ಕೆ ನನಗೆ ಮನಸ್ಸು ಬರಲಿಲ್ಲ ಅಂದರು. ಹೀಗೆ ಮೂರು ಜನ ಮರ್ಯಾದಸ್ಥರು ಸೇರಿ ನನ್ನಿಂದ ಹತ್ತೊಂಬತ್ತು ಕೆ.ಜಿ. ಕಳೆದಿದ್ದೆವು. ನೀರೊಂದೇ ಕಳೆಯಲಿಲ್ಲ.

ಮಾರನೆಯ ದಿನ ಮತ್ತೆ ಮಂಡಿಗೆ ಹೋದೆ. ಏನೂ ಕಳೆಯಬೇಡ ಮಾರಾಯ, ಮುಳ್ಳು ತೋರಿಸಿದ್ದೇ ಬರಿ ಅಂದೆ. ಅವನಿಗೆ ಸಿಟ್ಟು ಬಂತು. ಚೀಲ ಕಳೆಯದೆ ನಾನು ಇಲ್ಲಿ ತೂಕ ಬರೆದವನೇ ಅಲ್ಲ, ಬೇಕಾದರೆ ನೀನೇ ಬರೆದುಕೋ ಅಂತ ಪೆನ್ನು ನನ್ನ ಕೈಗೆ ಕೊಟ್ಟ. ನಾನೇ ಬರೆದೆ, ನೂರ ಹತ್ತೊಂಬತ್ತು. ನನ್ನ ಅಕ್ಷರದಲ್ಲಿ ನೋಡಿದಾಗ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ.

ಮೊದಲ ಹಲಗೆಯನ್ನು ನೇವಿಯವರೇ ಇಟ್ಟುಕೊಂಡರು. ಗೋವಾದವರಿಗೆ ನೂರ ಹತ್ತೊಂಬತ್ತು ಅಂತಲೇ ಹೇಳಿ ತರಿಸಿದ ಎರಡನೆಯದು ಇನ್ನೂರ ಐದು ಲೀಟರಿನದ್ದು. ಹೆಚ್ಚು ಕಡಿಮೆ ಒಂದು ಗಜ ಅಗಲ, ಮೇಲೆ ಮೆತ್ತನೆ ಹಾಸು, ನಡುವೆ ಇಳಿಯುವ ಹಲಗೆ. ಬಣ್ಣ ಬಿಳಿ, ಅಲ್ಲಲ್ಲಿ ಹಳದಿಯಾಗಿತ್ತು. ಚೆಂದ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಅದರ ಮೇಲೆ ನಾನು ನಿಂತಾಗ ಕಾಲು ಒದ್ದೆಯಾಗಲಿಲ್ಲ. ಒಣಗಿದ ನನ್ನ ಪಾದಗಳನ್ನೇ ನಾನು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ. ನೇವಿಯವರು ಹಾಯಿ ಎತ್ತಿ ಅಂತ ಕೂಗುತ್ತಿದ್ದರು.

ಕಲಿಯುವುದಕ್ಕೆ ಎಂಟು ಭಾನುವಾರ ಹಿಡಿಯಿತು. ಹಾಯಿಯ ಹಗ್ಗವನ್ನು ತೋಳಿನಿಂದ ಎಳೆಯಬಾರದು, ಹಿಂದಕ್ಕೆ ವಾಲಿ ಮೈಭಾರದಿಂದ ಎತ್ತಬೇಕು. ಭಾರ ಉಪಯೋಗಕ್ಕೆ ಬಂದದ್ದು ನನಗೆ ಅದೇ ಮೊದಲು. ಗಾಳಿ ಜೋರಾದಾಗ ಸಣ್ಣ ಆಳಾದ ನೇವಿಯವರು ಹಾಯಿಯ ಜೊತೆ ಎಗರಿ ಬೀಳುತ್ತಿದ್ದರು, ನಾನು ಅಲ್ಲಾಡದೆ ಹೋಗುತ್ತಿದ್ದೆ. ಗಾಳಿ ಇಲ್ಲದಾಗ ಮಾತ್ರ ಅವರು ಹೋಗುತ್ತಿದ್ದರು, ನಾನು ನಿಂತಿರುತ್ತಿದ್ದೆ. ಗಾಳಿ ಪೂರ್ತಿ ನಿಂತರೆ ಹಾಯಿಯನ್ನು ಹಲಗೆಯ ಮೇಲೆ ಮಲಗಿಸಿ ಕೈಯಲ್ಲಿ ನೀರು ತಳ್ಳಿಕೊಂಡು ಬನ್ನಿ, ನಾಚಿಕೆ ಬೇಡ ಅಂದಿದ್ದರು.

ದೀಪಾವಳಿ ಕಳೆದು ಹಿನ್ನೀರು ತುಂಬಿಕೊಂಡಿದ್ದಾಗ ಹೆಂಡತಿ ತವರಿಗೆ ಹೊರಟಳು. ವಿಶೇಷ ಏನಿಲ್ಲ, ಭಾನುವಾರದ ಊಟ. ಎಂದಿನ ಹಾಗೆ ಅವಳನ್ನು ಹನ್ನೆರಡೂವರೆಯ ಜನದ ಟ್ರಿಪ್ಪಿಗೆ ಹತ್ತಿಸಿದೆ. ನೀವು ಕಲ್ಲಿನ ಮೇಲೆ ಕೂರಿ, ಬಿಸಿಲಿಗೆ ಟೋಪಿ ಹಾಕ್ಕೊಳ್ಳಿ ಅಂದಳು. ದೋಣಿ ಕಟ್ಟೆ ಬಿಟ್ಟದ್ದೇ ನಾನು ನೇವಿಯವರ ದಡಕ್ಕೆ ಓಡಿದೆ. ಹತ್ತಿರವೇ ಇತ್ತು, ಆದರೂ ಓಡಿದೆ. ಹಾಯಿ ಕಟ್ಟಿ ಇಟ್ಟಿದ್ದರು. ಬೆನ್ನಿಗೆ ಒಳ್ಳೆಯ ಗಾಳಿ.

ಎರಡು ಸಲ ಬಿದ್ದೆ. ಆಮೇಲೆ ಹಲಗೆ ಹೊರಟಿತು. ಕಾಲು ಗಂಟೆಯಲ್ಲಿ ದೋಣಿಯನ್ನು ದಾಟಿದೆ. ಕಿತ್ತಳೆ ಜಾಕೆಟ್ಟು ಹಾಕಿಕೊಂಡು ನಾನು ಬರುವುದನ್ನು ನೋಡಿ ದೋಣಿಯ ಜನ ಎಲ್ಲ ಒಂದೇ ಪಕ್ಕಕ್ಕೆ ಬಂದರು, ದೋಣಿಯವರು ಬೈದು ಕೂರಿಸಿದರು. ಹೆಂಡತಿ ಮಾತ್ರ ಕೂತಲ್ಲೇ ಕೂತಿದ್ದಳು. ಸೆರಗನ್ನು ಬಾಯಿಗೆ ಹಿಡಿದಿದ್ದಳು. ನನಗೆ ಕೈ ಬೀಸಬೇಕು ಅನ್ನಿಸಿತು, ಎರಡೂ ಕೈ ಹಾಯಿಯಲ್ಲಿತ್ತು. ಎದೆ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಅರ್ಧ ದಾರಿಯಲ್ಲಿ ಗಾಳಿ ನಿಂತಿತು. ಕಡಿಮೆಯಾಗಲಿಲ್ಲ, ನಿಂತೇ ಹೋಯಿತು. ಹಾಯಿ ಜೋತು ಬಿತ್ತು. ನಾನು ಅದನ್ನು ಮಲಗಿಸಿ, ಹಲಗೆಯ ಮೇಲೆ ಕೂತು, ಎರಡೂ ಕೈಯಲ್ಲಿ ನೀರು ತಳ್ಳತೊಡಗಿದೆ. ಹಿಂದಿನಿಂದ ದೋಣಿ ನಿಧಾನಕ್ಕೆ ಬಂದು ಪಕ್ಕಕ್ಕೆ ಸೇರಿತು. ಇನ್ನೈದು ನಿಮಿಷಕ್ಕೆ ಮುಂದೆ ಹೋಗುತ್ತದೆ. ಅವಳು ಇಳಿಯುತ್ತಾಳೆ, ಎಲೆ ಹಾಕುತ್ತಾರೆ, ನಾನು ಯಾವಾಗಲೋ ತಲುಪುತ್ತೇನೆ. ಹದಿನಾರು ವರ್ಷದ ಮೇಲೆ ಎಂಟು ಭಾನುವಾರ ಖರ್ಚು ಮಾಡಿ ನಾನು ಗಳಿಸಿದ್ದು ನನ್ನದೇ ಒಂದು ಸಾಮಾನಿನ ಟ್ರಿಪ್ಪು. ನನಗೆ ಅಳು ಬರುವಷ್ಟು ಸಿಟ್ಟು ಬಂತು, ಗಾಳಿಯ ಮೇಲೆ.

ಹೆಂಡತಿ ದೋಣಿಯವರಿಗೆ ನಿಲ್ಲಿಸಿ ಅಂದಳು. ಅವರು ಹುಟ್ಟು ಎತ್ತಿದರು. ಅವಳು ನನ್ನನ್ನಲ್ಲ, ಹಲಗೆಯನ್ನು ನೋಡುತ್ತಿದ್ದಳು.

"ಇದು ಎಷ್ಟು ಹೊರ್ತದೆ?"

ಇನ್ನೂರ ಐದು ಅಂದೆ. ಹಲಗೆ, ಹಾಯಿ, ಕಂಬ ಎಲ್ಲ ಸೇರಿ ಮೂವತ್ತು ಅದರಲ್ಲೇ ಹೋಯಿತು ಅಂದೆ. ಅವಳು ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ನಂದು ಐವತ್ತು ಅಂದಳು. ಆಮೇಲೆ ನನ್ನ ಮುಖ ನೋಡಿದಳು.

"ನಿಮ್ಮದು ನಿಜ ಹೇಳಿ."

"ನೂರ ಹತ್ತೊಂಬತ್ತು. ಚೀಲ ಕಳೆದಿಲ್ಲ."

ಆರು ಉಳೀತು ಅಂತ ಅವಳು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ದೋಣಿಯವರು ಬೇಡ ಅಮ್ಮ, ಅದು ದೋಣಿಯಲ್ಲ ಅಂತ ತಡೆದರು. ಅವಳು ಆ ನೀರಿನ ಅಂಚಿನಲ್ಲೇ ಹುಟ್ಟಿ ಬೆಳೆದವಳು, ಈಜಿನಲ್ಲಿ ನನಗಿಂತ ಗಟ್ಟಿ. ಅದು ಅವರಿಗೂ ಗೊತ್ತಿತ್ತು. ಕೈ ಕೊಡಿ ಅಂದಳು. ಕೊಟ್ಟೆ. ಹಲಗೆ ಒಮ್ಮೆ ತಗ್ಗಿತು, ನೀರು ಅಂಚಿನವರೆಗೆ ಬಂದು ಇಬ್ಬರ ಬಟ್ಟೆಯನ್ನೂ ತೋಯಿಸಿತು, ಅಷ್ಟಕ್ಕೇ ನಿಂತಿತು. ಅವಳು ನನ್ನ ಮುಂದೆ ಕೂತು ಕಾಲು ಇಳಿಬಿಟ್ಟಳು. ದೋಣಿಯವರು ನಮ್ಮಿಬ್ಬರನ್ನು ಬಹಳ ಹೊತ್ತು ನೋಡಿದರು. ಕೊನೆಗೆ ದೋಣಿಯ ತಳದಲ್ಲಿದ್ದ ಇನ್ನೊಂದು ಹುಟ್ಟನ್ನು ನನ್ನ ಕಡೆ ಚಾಚಿದರು.

ನಾನು ಹುಟ್ಟು ಹಾಕಿದೆ, ಅವಳು ಕೈಯಲ್ಲಿ ನೀರು ತಳ್ಳಿದಳು. ಒಮ್ಮೆ, ಹಿಂದೆ ತಿರುಗದೆ, ಅವತ್ತು ಕಣ್ಣಿಗೆ ಬಿಸಿಲೇನೂ ಹೊಡೀತಿರಲಿಲ್ಲ ಅಂದಳು. ಯಾವತ್ತು ಅಂತ ನಾನು ಕೇಳಲಿಲ್ಲ.

ದೋಣಿ ನಮಗಿಂತ ಮೊದಲು ಮುಟ್ಟಿ ಜನ ಇಳಿದು ಹೋಗಿದ್ದರು. ನಾವು ಹಲಗೆಯನ್ನು ಎಳೆದು ದಡಕ್ಕೆ ಹಾಕಿ ಮನೆಗೆ ನಡೆದೆವು, ಮೊಣಕಾಲಿನಿಂದ ನೀರು ಸುರಿಸಿಕೊಂಡು. ಅತ್ತೆ ದೋಣಿ ಬಂದ ಸದ್ದು ಕೇಳಿ ಎಂದಿನ ಹಾಗೆ ಒಂದು ಎಲೆ ಹಾಕಿ ನೀರು ಚಿಮುಕಿಸಿದ್ದರು. ಬಾಗಿಲಲ್ಲಿ ನಮ್ಮಿಬ್ಬರನ್ನು ನೋಡಿ ನಿಂತುಬಿಟ್ಟರು. ಮಗಳನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಹಿಂದೆ ಗೊಬ್ಬರದ ಚೀಲ ಏನಾದರೂ ಬಂತಾ ಅಂತಲೂ ನೋಡಿದರು. ಆಮೇಲೆ ಹಿತ್ತಿಲಿಗೆ ಹೋದರು. ಬಾಳೆ ಎಲೆ ಕೊಯ್ಯುವ ಸದ್ದು ಕೇಳಿತು. ತಂದು, ಒರೆಸಿ, ಮೊದಲ ಎಲೆಗೆ ತಾಗಿಸಿ ಹಾಸಿದರು.

ಎರಡು ಎಲೆಗೂ ಒಟ್ಟಿಗೆ ಬಡಿಸಿದರು. ನಾನು ತುತ್ತಿಗೆ ಕೈ ಹಾಕಿದವನು ಬೆರಳು ಸುಟ್ಟು ಹಿಂದಕ್ಕೆ ತೆಗೆದೆ. ಆ ಮನೆಯ ಅನ್ನ ಅಷ್ಟು ಬಿಸಿ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.